ಸೋಫಾದ ಮೇಲೆ ಕೂತವರು

ವಿನೋಬನಗರದ ನಮ್ಮ ಮನೆಯಲ್ಲಿ ಸೋಫಾ ಖಾಲಿ ಇದ್ದರೂ ಅಮ್ಮ ನಿಂತೇ ಇರುತ್ತಿದ್ದಳು. ಕೂರು ಎಂದರೆ "ಆಮೇಲೆ ಕೂರ್ತೀನಿ" ಎನ್ನುತ್ತಿದ್ದಳು. ಅವಳ ಎರಡೂ ಕಣ್ಣಿನ ನಡುಭಾಗ ಕೆಟ್ಟಿತ್ತು. ಅಂಚಿನಲ್ಲಿ ಇದ್ದದ್ದು ಕಾಣುತ್ತಿತ್ತು, ನೇರ ನೋಡಿದ್ದು ಮಸುಕಾಗುತ್ತಿತ್ತು. ಸೋಫಾ ಗೊತ್ತಾಗುತ್ತಿಲ್ಲವೇನೋ ಎಂದು ಅದಕ್ಕೊಂದು ಕೆಂಪು ಚಾದರ ಹೊದಿಸಿದೆ. ಆಗಲೂ ಕೂರಲಿಲ್ಲ. ನನಗೆ ಮೊದಲೇ ತಾಳ್ಮೆ ಕಡಿಮೆ. ಭುಜ ಹಿಡಿದು ಕೂರಿಸಹೋದೆ. ಅಮ್ಮ ಕಿರುಚಿದಳು, "ಅವರ ಮೇಲೆ ಕೂರಿಸ್ತೀಯಾ ಮಾರಾಯ್ತಿ!"

ಗುಟ್ಟು ರಟ್ಟಾಯಿತು. ಪೇಟ ಸುತ್ತಿದ ಗಂಡಸರು, ಜರಿಸೀರೆಯ ಹೆಂಗಸರು, ಎಲ್ಲರೂ ಮೊಣಕಾಲೆತ್ತರದವರು, ಸೋಫಾದ ಮೇಲೆ ಸಾಲಾಗಿ ಕೂತಿರುತ್ತಾರಂತೆ. ಮಾತಿಲ್ಲ, ಕತೆಯಿಲ್ಲ. ಅವರು ನಿಜವಲ್ಲ ಎಂದು ಅಮ್ಮನಿಗೂ ಗೊತ್ತಂತೆ. "ಗೊತ್ತಿದ್ರೂ ಜನರ ಮೇಲೆ ಹೋಗಿ ಕೂರಕ್ಕಾಗುತ್ತಾ?" ಎಂದು ನನ್ನನ್ನೇ ಕೇಳಿದಳು.

ವಿಷಯ ತಿಳಿದು ಭದ್ರಾವತಿಯ ಕಾಗದನಗರದಿಂದ ಅಣ್ಣ ಬಂದ. ಬರುವಾಗಲೇ ತೀರ್ಮಾನ ಮಾಡಿಕೊಂಡು ಬಂದಿದ್ದ. "ತಲೆ ಕೆಟ್ಟಿದೆ. ಗ್ಯಾಸ್ ಮುಟ್ಟಿಸ್ಬೇಡ. ನೀನು ಕೆಲ್ಸಕ್ಕೆ ಹೋಗುವಾಗ ಹೊರಗಿಂದ ಬೀಗ ಹಾಕು" ಎಂದು ಅಮ್ಮನ ಎದುರಿಗೇ ಹೇಳಿದ. ಅಮ್ಮ ಅಡುಗೆಮನೆಗೆ ಹೋಗಿ ಒಲೆ ಆರಿಸಿ, ಗ್ಯಾಸ್ ಲೈಟರ್ ತಂದು ಅವನ ಕೈಗಿಟ್ಟಳು. ಅಣ್ಣ ಲೈಟರನ್ನು ಜೇಬಿಗೆ ಹಾಕಿಕೊಂಡ.

ಮರುದಿನ ಮೂವರೂ ನರರೋಗದ ಡಾಕ್ಟರ ಬಳಿ ಹೋದೆವು. ವಯಸ್ಸು ಚಿಕ್ಕದು, ಮಾತು ನಯ.

"ಅಮ್ಮಾ, ಇಲ್ಲದೇ ಇರೋ ಗಂಡಸ್ರು ಹೆಂಗಸ್ರನ್ನ ನೋಡ್ತೀರಾ?"

"ಶಿವಶಿವ! ನಾನ್ಯಾಕಪ್ಪ ನೋಡ್ಲಿ?"

ಅಣ್ಣ ನಿಟ್ಟುಸಿರಿಟ್ಟು, "ಈಗ ಸುಳ್ಳೂ ಶುರುವಾಯ್ತು" ಎಂದ. ಸುಳ್ಳೇನಿಲ್ಲ. ನೋಡುವುದು ನಾವು ಬೇಕೆಂದು ಮಾಡುವ ಕೆಲಸ, ಕಾಣುವುದು ತಾನಾಗಿ ಆಗುವಂಥದ್ದು. ಗಂಡಸರನ್ನು ನೋಡುತ್ತೀರಾ ಎಂದು ಕೇಳಿದರೆ ಅಮ್ಮನ ವಯಸ್ಸಿನ ಯಾರು ತಾನೇ ಹೌದೆಂದಾರು? "ಏನು ಕಾಣುತ್ತೆ ಅಂತ ಕೇಳಿ ಸಾರ್" ಎಂದೆ. ಡಾಕ್ಟರು ಹಾಗೇ ಕೇಳಿದರು. ಅಮ್ಮ ಸೀರೆಗಳ ಅಂಚಿನ ಬಣ್ಣದ ಸಮೇತ ಎಲ್ಲವನ್ನೂ ಹೇಳಿದಳು.

ಡಾಕ್ಟರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಮಿದುಳಿನ ಹಿಂಭಾಗಕ್ಕೆ ಕಣ್ಣಿಂದ ಸುದ್ದಿ ಬರುತ್ತೆ. ಮಿದುಳಿನ ಮೇಲ್ಭಾಗಗಳಿಂದ್ಲೂ ಅದೇ ಜಾಗಕ್ಕೆ ವಾಪಸ್ ಸುದ್ದಿ ಬರ್ತಾನೇ ಇರುತ್ತೆ, ಇದು ಮುಖ ಇರ್ಬೇಕು, ಇದು ಸೀರೆ ಇರ್ಬೇಕು ಅಂತ. ಕಣ್ಣು ಚೆನ್ನಾಗಿದ್ದಾಗ ಅದು ಕಣ್ಣು ತಂದಿದ್ದನ್ನ ಒಂಚೂರು ಏರಿಸುತ್ತೆ, ಒಂಚೂರು ಇಳಿಸುತ್ತೆ, ಅಷ್ಟೆ. ಕಣ್ಣು ಸುಮ್ಮನಾದ್ರೆ ಮೇಲಿಂದ ಬರೋ ಮಾತೇ ಜೋರಾಗಿಬಿಡುತ್ತೆ."

"ಅಂದ್ರೆ ಯಾರೂ ಕೇಳದಿದ್ರೂ ಹೇಳ್ತಾನೇ ಇರುತ್ತೆ" ಎಂದಳು ಅಮ್ಮ. "ಇವರಪ್ಪನ ಥರ."

"ಹೆಚ್ಚುಕಮ್ಮಿ ಹಾಗೇನೇ."

"ಹಾಗಾದ್ರೆ ನಂಗೆ ಹುಚ್ಚಲ್ವಾ? ಒಳಗಿಟ್ಟು ಬೀಗ ಹಾಕ್ಬೇಕು ಅಂತಾನಲ್ಲ ಇವನು."

"ಖಂಡಿತ ಅಲ್ಲಮ್ಮ. ಬೀಗಗೀಗ ಏನೂ ಬೇಡ."

ಅಮ್ಮ ಅಣ್ಣನ ಕಡೆ ಕೈ ಚಾಚಿದಳು. ಅವನು ಜೇಬಿನಿಂದ ಲೈಟರ್ ತೆಗೆದು ಕೊಟ್ಟ. ನನಗೆ ಆದ ಖುಷಿಯನ್ನು ಮುಚ್ಚಿಡಲು ನಾನೇನೂ ಪ್ರಯತ್ನಿಸಲಿಲ್ಲ.

ಅಣ್ಣ ಅಲ್ಲಿಂದಲೇ ಭದ್ರಾವತಿ ಬಸ್ಸು ಹತ್ತಿದ. ನಾವಿಬ್ಬರು ಆಟೋದಲ್ಲಿ ಮನೆಗೆ ಹೊರಟೆವು. ಅಮ್ಮ ಬಹಳ ಹೊತ್ತು ನನ್ನ ಕಡೆಗೇ ತಿರುಗಿ ಕೂತಿದ್ದಳು.

"ಎದುರಿಗಿರೋದೆಲ್ಲ ಮಸುಕು. ನಿನ್ನ ಮುಖ ಮಾತ್ರ ಚೆನ್ನಾಗಿ ಕಾಣುತ್ತೆ. ಅದು ನಿಜ್ವಾಗ್ಲೂ ನೀನೇನಾ, ಇಲ್ಲ ಅದೂ ಮೇಲಿಂದಾನೇ ಬರೋದಾ?"

"ಹೇಗೆ ಕಾಣ್ತಿದ್ದೀನಿ ಹೇಳು" ಎಂದೆ.

"ಹೇಗೇನು? ದುಂಡು ಕೆನ್ನೆ. ಕಪ್ಪು ಜಡೆ, ಮುಂದಕ್ಕೆ ಹಾಕ್ಕೊಂಡಿದ್ದೀಯ."

ನನ್ನ ಕೂದಲು ಪೂರ್ತಿ ನರೆತು, ಕುತ್ತಿಗೆಯವರೆಗೆ ಕತ್ತರಿಸಿ ವರ್ಷಗಳೇ ಆಗಿದ್ದವು.

"ನಾನೇ ಕಣಮ್ಮಾ" ಎಂದೆ.