ದುರ್ಗದ ಪೇಟೆಯಲ್ಲಿ ಜಗಲಿಗಳ ಫೋಟೋ

ಇವತ್ತು ಬೆಳಿಗ್ಗೆ ದುರ್ಗದ ಪೇಟೆ ಬೀದಿಯಲ್ಲಿ ನಮ್ಮ ಕ್ಯಾಮೆರಾ ಚರಂಡಿಗೆ ಬೀಳುವುದೊಂದು ಬಾಕಿ ಇತ್ತು, ಗೆಳತಿಯರೇ. ಮೈಸೂರಿನಿಂದ ನಾವಿಲ್ಲಿಗೆ ಬಂದು ಇನ್ನೂ ತಿಂಗಳಾಗಿಲ್ಲ. ರಸ್ತೆ ಅಗಲ ಮಾಡಲು ಮನೆಗಳ ಮುಂದಿನ ಕಲ್ಲಿನ ಜಗಲಿಗಳನ್ನು ಒಡೆಯುತ್ತಾರಂತೆ. ಅಷ್ಟರೊಳಗೆ ಬೀದಿಯದೊಂದು ಫೋಟೋ ತೆಗೆಯೋಣವೆಂದು ನಾನೇ ನಮ್ಮ ಯಜಮಾನರನ್ನು ಹೊರಡಿಸಿದ್ದೆ.

ಅವರು ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ ಕ್ಯಾಮೆರಾಗೆ ಹೊದಿಸಿದ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ್ದೇ ತಡ, ಜವಳಿ ಅಂಗಡಿಯ ರುದ್ರಶೆಟ್ಟರು ಬಂದು ಅಡ್ಡ ನಿಂತರು. ಅವರ ಹಿಂದೆ ಇಡೀ ಬೀದಿ.

"ಅಳತೆ ಮಾಡಾಕೆ ಬಂದೀರಾ? ಎತ್ರಿ ಇದನ್ನ. ನಮ್ಮಪ್ಪ ಕಟ್ಟಿಸಿದ ಜಗಲಿ ಐತೆ ಇದು."

ನಮ್ಮನ್ನು ಸರ್ವೆಯವರೆಂದೇ ತಿಳಿದಿದ್ದರು. ಯಜಮಾನರು ಬಟ್ಟೆಯಿಂದ ತಲೆ ತೆಗೆದು ಸ್ಟ್ಯಾಂಡನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಾನು ಮುಂದೆ ಹೋಗಿ, "ಅಳೆಯೋದಕ್ಕಲ್ಲ ಶೆಟ್ಟರೇ. ಒಡೆಯೋ ಮುಂಚೆ ಈ ಜಗಲೀನ ಚಿತ್ರದಲ್ಲಾದರೂ ಉಳಿಸೋಣ ಅಂತ ಬಂದ್ವಿ. ನೀವೇ ನೋಡಿ" ಎಂದೆ.

ಶೆಟ್ಟರು ಅನುಮಾನದಿಂದಲೇ ಬಟ್ಟೆಯೊಳಗೆ ತಲೆ ಹಾಕಿದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕಣ್ಣು ಒದ್ದೆಯಾಗಿತ್ತು. "ಗಾಜಿನಾಗೆ ಬೀದಿ ತಲೆಕೆಳಗಾಗಿ ಕಾಣ್ತೈತೆ ಕಣಮ್ಮ. ಆದ್ರೂ ನಮ್ಮ ಜಗಲಿ ಭಾಳ ಚೆಂದ ಐತೆ" ಎಂದರು.

ಆಮೇಲೆ ಜನರ ಕಡೆ ತಿರುಗಿ, "ಎಲ್ಲಾ ಅವರವರ ಜಗಲಿ ಮ್ಯಾಲೆ ಕುಂತ್ಕಳ್ರಿ. ಒಬ್ರೂ ಅಲ್ಲಾಡಬ್ಯಾಡ್ರಿ" ಎಂದು ತಾವೇ ಅಪ್ಪಣೆ ಕೊಟ್ಟರು. ಒಳಗಿದ್ದ ಹೆಂಗಸರು ಸೆರಗು ಸರಿಮಾಡಿಕೊಂಡು ಬಂದರು. ಅಜ್ಜಿಯೊಬ್ಬರನ್ನು ಎತ್ತಿಕೊಂಡೇ ತಂದು ಕೂರಿಸಿದರು.

ಸಂಜೆ ಫೋಟೋ ತೆಗೆದ ಗಾಜಿನ ಫಲಕವನ್ನು ತೊಳೆದು ನೋಡಿದೆವು. ಬೀದಿಯುದ್ದಕ್ಕೂ ಜನ, ಒಬ್ಬರ ಮುಖವೂ ಮಸುಕಾಗಿಲ್ಲ. ಗೆದ್ದೆವು ಎಂದು ಕುಣಿಯುವಷ್ಟು ಖುಷಿಯಾಯಿತು.

ಒಂದೇ ಕೊರತೆ. ಅಷ್ಟು ಜನ ಕುಳಿತ ಮೇಲೆ ಜಗಲಿಯ ಒಂದು ಕಲ್ಲೂ ಕಾಣುತ್ತಿಲ್ಲ.