ಬಂದಗಿಸಾಬ ಓದದೆ ಬಿಟ್ಟ ಚೂರಿ

ಅಕ್ಕಲಕೋಟೆ ಹತ್ತಿರದ ಮೈಂದರ್ಗಿಯ ಬಂದಗಿಸಾಬ ಮುಲ್ಲಾನನ್ನು ಊರಲ್ಲಿ ಯಾರೂ ದೊಡ್ಡ ಮನುಷ್ಯನೆಂದು ಎಣಿಸಿರಲಿಲ್ಲ. ಸಣ್ಣ ಮಸೀದಿಯಲ್ಲಿ ನಮಾಜು ಮಾಡಿಸುತ್ತಿದ್ದ, ಊರವರ ಕುರಿ ಕೋಳಿ ಕೊಯ್ದುಕೊಡುತ್ತಿದ್ದ. ಬೀರೋಬ ದೇವರ ಒಕ್ಕಲಾದ ನಮ್ಮ ಕುರುಬರ ಮನೆಗಳಲ್ಲೂ ಮುಲ್ಲಾ ಕೊಯ್ಯದ ಕುರಿಯನ್ನು ಬಾಯಿಗಿಡುತ್ತಿರಲಿಲ್ಲ. ಅವನಿಗೆ ಬರಲಾಗದಿದ್ದರೆ ನಮ್ಮ ಚೂರಿಯನ್ನೇ ಅವನ ಮನೆಗೆ ಒಯ್ಯುತ್ತಿದ್ದೆವು. ಅವನು ಬಿಸ್ಮಿಲ್ಲಾ ಓದಿ ಅದರ ಮೇಲೆ ಊದಿಕೊಟ್ಟರೆ ಆ ಚೂರಿಯಿಂದ ನಾವೇ ಕೊಯ್ಯಬಹುದಿತ್ತು. ಇದಕ್ಕೆ ಚೂರಿ ಓದಿಸುವುದು ಎನ್ನುತ್ತಿದ್ದರು. ಯಾರ ದೇವರು, ಯಾರ ಮಂತ್ರ ಎಂದು ಆಗ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈಗಿನವರಿಗೆ ಹೇಳಿದರೆ ನನ್ನ ಮುಖ ನೋಡುತ್ತಾರೆ.

ಓದುವ ಮೊದಲು ಬಂದಗಿಸಾಬ ಪ್ರಶ್ನೆ ಕೇಳದೆ ಬಿಡುತ್ತಿರಲಿಲ್ಲ. ಯಾವ ಕುರಿ? ನೀರು ಕುಡಿಸಿದ್ದೀರಾ? ಹಾಲು ಕುಡಿಯುವ ಮರಿ ಇದೆಯಾ? ಮತ್ತೊಂದು ಕುರಿಯ ಎದುರಿಗೆ ಕೊಯ್ಯುವುದಿಲ್ಲ ತಾನೆ? ಉತ್ತರ ತಡವರಿಸಿದರೆ ಚೂರಿ ಹಾಗೆಯೇ ವಾಪಸು. ನಮ್ಮಪ್ಪ ಹಣಮಂತಪ್ಪನಿಗೆ ಇದರಿಂದ ರೇಗಿಹೋಗುತ್ತಿತ್ತು. "ಪೊಲೀಸ ಪಾಟೀಲನೂ ಇಷ್ಟು ಕೇಳಾಂಗಿಲ್ಲ ನೋಡು" ಎಂದು ಮನೆಗೆ ಬಂದು ಗೊಣಗುತ್ತಿದ್ದ.

ಎಪ್ಪತ್ತಮೂರರಲ್ಲೋ ನಾಲ್ಕರಲ್ಲೋ ಸೋಲಾಪುರದ ಒಂದು ಗಲ್ಲಿಯಲ್ಲಿ ಮೆರವಣಿಗೆಯ ನೆಪದಲ್ಲಿ ಹೊಡೆದಾಟವಾಗಿ, ಮುಸಲ್ಮಾನರ ಕೆಲವು ಅಂಗಡಿಗಳು ಸುಟ್ಟವು. ಬಂದಗಿಸಾಬನ ಒಬ್ಬನೇ ಮಗ ರಾಜೇಸಾಬ ಆ ಗಲ್ಲಿಯ ಹತ್ತಿರ ಮಗ್ಗದ ಕೆಲಸಕ್ಕಿದ್ದ. ಅವನ ಗೆಳೆಯನ ಸೈಕಲ್ ಅಂಗಡಿಯೂ ಬೂದಿಯಾಗಿತ್ತು. ಸಿಟ್ಟಿನಿಂದ ಕುದಿಯುತ್ತಿದ್ದ ಹುಡುಗರನ್ನು ಖಲೀಲ್ ಎಂಬ ಹೊರಗಿನವನೊಬ್ಬ ಕೂಡಿಸಿ ಒಂದು ಪಡೆ ಕಟ್ಟಿದ. ಧರ್ಮದ ರಕ್ಷಣೆಗೆ ಎಂದ. ಮಾತಿನಲ್ಲಿ ಮಲ್ಲ. ಆದರೆ ಬರೀ ಮಾತಿಗೆ ಹುಡುಗರು ಚೂರಿ ಹಿಡಿಯುವುದಿಲ್ಲ. ಇದು ಗೂಂಡಾಗಿರಿಯಲ್ಲ, ಅಲ್ಲಾಹನ ಕೆಲಸ ಎಂದು ಹೇಳಲು ಗಡ್ಡವಿರುವ ಒಬ್ಬ ಮೌಲಾನಾ ಬೇಕು. ಸೋಲಾಪುರದ ಮೌಲಾನಾಗಳು ಖಲೀಲನನ್ನು ಹತ್ತಿರ ಸೇರಿಸಿರಲಿಲ್ಲ. ಹೀಗಾಗಿ ಅವನ ಕಣ್ಣು ನಮ್ಮ ಹಳ್ಳಿಯ ಮುಲ್ಲಾನ ಮೇಲೆ ಬಿತ್ತು.

ಬಂದಗಿಸಾಬನನ್ನು ಸೋಲಾಪುರಕ್ಕೆ ಕರೆಸಿಕೊಂಡರು. ಕುರ್ಚಿ ಹಾಕಿದರು, ಹೊಸ ರುಮಾಲು ಸುತ್ತಿದರು, "ಮೌಲಾನಾ ಸಾಹೇಬ" ಎಂದು ಕರೆದರು. ಕೊಯ್ದ ಕೂಲಿಯೆಂದು ಕುರಿಯ ತಲೆಗೂ ಚರ್ಮಕ್ಕೂ ಕೈ ಒಡ್ಡಿ ಬದುಕಿದ ಮನುಷ್ಯ ಉಬ್ಬಿಹೋದ. ಏನು ಎತ್ತ ಎಂದು ವಿಚಾರಿಸದೆ ಎರಡೂ ಕೈ ಎತ್ತಿ ಪಡೆಗೆ ಅಲ್ಲಾಹನ ಆಶೀರ್ವಾದ ಬೇಡಿ ದುವಾ ಮಾಡಿ ಬಂದ. ಒಂದು ಟಗರಿಗೆ ಅಷ್ಟೆಲ್ಲ ಕೇಳುವವನು ಅಲ್ಲಿ ಒಂದನ್ನೂ ಕೇಳಲಿಲ್ಲ. ನೆನೆದರೆ ನನಗೆ ಈಗಲೂ ಅವನ ಮೇಲೆ ಸಿಟ್ಟು ಬರುತ್ತದೆ.

ಸ್ವಲ್ಪ ದಿನಗಳ ಮೇಲೆ, ಒಂದು ಮಧ್ಯಾಹ್ನ, ನಮ್ಮಪ್ಪ ಚೂರಿ ಓದಿಸಲು ಹೋಗಿ ಮುಲ್ಲಾನ ಅಂಗಳದಲ್ಲಿ ಕೂತಿದ್ದ. ಖಲೀಲ್, ರಾಜೇಸಾಬ ಮತ್ತು ಪಡೆಯ ಹುಡುಗರು ಅಕ್ಕಲಕೋಟೆಯ ಬಸ್ಸಿನಿಂದಿಳಿದು ನೇರ ಅಲ್ಲಿಗೇ ಬಂದರು. ಕಂಬಳಿ ಹೊದ್ದ ಕುರುಬನೊಬ್ಬನನ್ನು ಖಲೀಲ್ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ದಖನಿ ಉರ್ದುವಿನಲ್ಲಿ ಮಾತು ಶುರುಮಾಡಿದ. ನಮ್ಮಪ್ಪನಿಗೆ ದಖನಿ ಚೆನ್ನಾಗಿಯೇ ಬರುತ್ತಿತ್ತು. ಖಲೀಲ್ ಹೇಳಿದ್ದು ಇಷ್ಟು: ಅಂಗಡಿ ಸುಡಿಸಿದವನು ಅದೇ ಗಲ್ಲಿಯ ಉಣ್ಣೆ ವ್ಯಾಪಾರಿ ಶಾಂತಪ್ಪ. ಅವನನ್ನು ನಾಳೆ ಮುಗಿಸಬೇಕು, ಅದು ರಾಜೇಸಾಬನ ಪಾಲಿಗೆ ಬಂದಿದೆ. ಮೌಲಾನಾ ಚೂರಿ ಓದಿಕೊಟ್ಟರೆ ಅದು ಕೊಲೆಯಾಗುವುದಿಲ್ಲ.

ವರ್ಷವರ್ಷವೂ ನಮ್ಮಪ್ಪ ಉಣ್ಣೆ ಹಾಕುತ್ತಿದ್ದದ್ದು ಅದೇ ಶಾಂತಪ್ಪನ ಅಂಗಡಿಗೆ. ಎದ್ದು ಹೋಗದೆ ಅಲ್ಲೇ ಕೂತ.

ರಾಜೇಸಾಬ ಬಟ್ಟೆ ಬಿಚ್ಚಿ ಹೊಸ ಚೂರಿಯನ್ನು ತಂದೆಯ ಮುಂದಿಟ್ಟ. ಬಂದಗಿಸಾಬ ಅದನ್ನು ಕೈಗೆತ್ತಿಕೊಂಡ. ಓದಲು ಬಾಯಿ ತೆರೆದನಂತೆ, ಆದರೆ ಬಂದದ್ದು ರೂಢಿಯ ಪ್ರಶ್ನೆ, ಅದೂ ಕುರುಬರಿಗೆ ಕೇಳುತ್ತಿದ್ದ ಕನ್ನಡದಲ್ಲಿ.

"ಯಾವದನ್ನ ಕೊಯ್ಯಾಂವ?"

"ಶಾಂತಪ್ಪನ್ನ" ಎಂದ ಮಗ.

"ಅವನ್ನ ನೋಡೀಯೇನು?"

"ಇಲ್ಲ ಅಬ್ಬಾ. ಖಲೀಲ್ ಭಾಯಿ ತೋರಸ್ತಾರ."

"ಅವ ಬೆಂಕಿ ಹಚ್ಚಿದ್ದು ಯಾರ ನೋಡ್ಯಾರ?"

ರಾಜೇಸಾಬ ಖಲೀಲನ ಕಡೆ ತಿರುಗಿದ.

"ನೀರು ಕುಡಿಸಿ ಕೊಯ್ಯಾಂವೋ, ಹಂಗ ಕೊಯ್ಯಾಂವೋ? ಅವನ ಮಂದಿ ಎದುರಿಗೆ ನಿಂತಿದ್ದರ ಏನ ಮಾಡಾಂವ? ಸಣ್ಣ ಮಕ್ಕಳು ಎಷ್ಟ ಅದಾವ ಅವಗ?"

"ನನಗೇನ ಗೊತ್ತ ಅಬ್ಬಾ."

"ಈ ಹಣಮಂತಪ್ಪ ಒಂದು ಟಗರಿಗೆ ಇಷ್ಟೂ ಹೇಳತಾನ. ನೀ ಒಬ್ಬ ಮನುಷ್ಯಾಗ ಒಂದೂ ಹೇಳವಲ್ಲಿ. ನಾ ಓದಾಂಗಿಲ್ಲ."

ಖಲೀಲ್ ಎದ್ದುನಿಂತು ರೇಗಾಡಿದ. ಕೊಟ್ಟ ಮಾತಿಗೆ ತಪ್ಪುವವನು ಎಂದ, ಕುರಿ ಕೊಯ್ಯುವವನಿಗೆ ಧರ್ಮ ಏನು ತಿಳಿದೀತು ಎಂದ, ಬೇರೆ ದೊಡ್ಡವರಿಂದ ಓದಿಸುತ್ತೇನೆ ಎಂದ. ಬಂದಗಿಸಾಬನ ಕಣ್ಣಲ್ಲಿ ನೀರಿತ್ತು.

"ಆವತ್ತ ದುವಾ ಮಾಡಿದ್ದು ನನ್ನ ತಪ್ಪು. ಕುರ್ಚಿ ನೋಡಿ ಮರುಳಾದೆ. ಆದರ ನೀವೇ ನನಗ ಮೌಲಾನಾ ಅಂದೀರಿ. ಹಂಗಂದ ಮ್ಯಾಲೆ ನನ್ನ ಮಾತ ಕೇಳಬೇಕಲ್ರಿ?" ಎಂದು ಹುಡುಗರ ಕಡೆ ತಿರುಗಿದ. "ಇದು ಹರಾಮು. ಯಾರು ಓದಿಕೊಟ್ಟರೂ ಹರಾಮು. ಮನಿಗೆ ಹೋಗ್ರಿ."

ಖಲೀಲ್ ಬಿರಬಿರನೆ ಹೊರಟುಹೋದ. ಹಿಂದೆ ಹೋದವರು ಇಬ್ಬರೇ. ಉಳಿದವರು ಒಬ್ಬೊಬ್ಬರಾಗಿ ಬಂದಗಿಸಾಬನ ಕೈ ಮುಟ್ಟಿ ಹೋದರು. ಆ ಪಡೆ ಆಮೇಲೆ ಬಹಳ ದಿನ ಬಾಳಲಿಲ್ಲ. ಖಲೀಲನೂ ಊರು ಬಿಟ್ಟ.

ಆದರೆ ರಾಜೇಸಾಬ ಚೂರಿ ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದ. "ಅಂಗಡಿ ಸುಟ್ಟಿದ್ದು ಸುಳ್ಳೇನು?" ಎಂದು ತಂದೆಯನ್ನೇ ಕೇಳಿದ. ಆಗ ನಮ್ಮಪ್ಪ ಮೊದಲ ಸಲ ಬಾಯಿಬಿಟ್ಟ. "ಸುಳ್ಳಲ್ಲ ತಮ್ಮಾ. ಆದರ ಶಾಂತಪ್ಪ ನನಗ ಗೊತ್ತದಾನ. ನಡಿ, ಅವನ್ನೇ ಹೋಗಿ ಕೇಳೋಣು."

ಮರುದಿನ ಮೂವರೂ ಸೋಲಾಪುರದ ಬಸ್ಸು ಹತ್ತಿದರು. ಚೂರಿಯನ್ನು ಮನೆಯಲ್ಲಿಟ್ಟು ಬಾ ಎಂದು ಬಂದಗಿಸಾಬ ಮಗನಿಗೆ ಆಣೆ ಹಾಕಿದ್ದ. ಶಾಂತಪ್ಪನ ಅಂಗಡಿಯ ಮೆಟ್ಟಿಲ ಬಳಿ ನಿಂತುಕೊಂಡೇ ಮುಲ್ಲಾ ಎಲ್ಲವನ್ನೂ ಬಿಚ್ಚಿ ಹೇಳಿದ, ತನ್ನ ದುವಾದ ಸಂಗತಿಯನ್ನೂ ಮುಚ್ಚಿಡಲಿಲ್ಲ. ಶಾಂತಪ್ಪ ಪೊಲೀಸರನ್ನು ಕರೆಸುತ್ತಾನೆಂದೇ ನಮ್ಮಪ್ಪ ಅಂದುಕೊಂಡ.

"ಬೆಂಕಿ ನಾ ಹಚ್ಚಿಲ್ಲ" ಎಂದ ಶಾಂತಪ್ಪ. "ಆದರ ಮಂದಿ ಹಚ್ಚೋ ಮುಂದ ಬಾಗಲಾ ಹಾಕ್ಕೊಂಡು ಒಳಗ ಕುಂತಿದ್ದೆ. ಆ ಸೈಕಲ್ ಅಂಗಡಿ ಹುಡುಗ ಕೂಗೂದು ಕೇಳಸ್ತಿತ್ತು. ಅದೂ ಖರೇನ."

ಆಮೇಲೆ ಹಿಂದಿನ ಮನೆಯ ಕಡೆ ತಿರುಗಿ ಹೆಂಡತಿ ಲೀಲಾಬಾಯಿಯನ್ನು ಕರೆದ, ಮಕ್ಕಳನ್ನೆಲ್ಲ ಕರಕೊಂಡು ಬಾ ಎಂದ. ಅವರು ಬಂದು ಸಾಲಾಗಿ ನಿಂತರು. ಚಿಕ್ಕದು ತಾಯಿಯ ಸೆರಗಿನೊಳಗೆ ಮುಖ ಹುದುಗಿಸಿತು.

"ಮಕ್ಕಳು ಎಷ್ಟ ಅದಾವ ಅಂತ ನಿಮ್ಮಪ್ಪ ಕೇಳಿದ್ದನಲ್ಲ" ಎಂದ ಶಾಂತಪ್ಪ, ರಾಜೇಸಾಬನಿಗೆ. "ನೋಡಪಾ."

ಲೀಲಾಬಾಯಿಗೆ ಇದೊಂದೂ ಗೊತ್ತಿರಲಿಲ್ಲ. "ಮೈಂದರ್ಗಿಯಿಂದ ಬಂದೀರೇನ್ರಿ? ಬಿಸಲಾಗ ಯಾಕ ನಿಂತೀರಿ, ಮ್ಯಾಲ ಬರ್ರಿ, ಚಾ ಇಡತೀನಿ" ಎಂದಳು. ಚಹಾ ತಂದುಕೊಟ್ಟವಳು ದೊಡ್ಡ ಮಗಳು. ರಾಜೇಸಾಬ ಕಪ್ಪಿಗೆ ಕೈ ಚಾಚಿದ, ಹಿಡಿಯಲಾಗಲಿಲ್ಲ. ಅಲ್ಲೇ ಉಣ್ಣೆಯ ಗಂಟಿಗೆ ಹಣೆ ಹಚ್ಚಿ ಅತ್ತ.