ಮುಂಡರಗಿಗೆ ಹೋದ ಬೊಕ್ಕಿ

ಹೂವು ಕಳಿಸುವುದು ಹೂವೆತ್ತಿದಷ್ಟೇ ಹಗುರವಾದ ಕೆಲಸವೆಂದು ಮೊನ್ನೆಮೊನ್ನೆಯವರೆಗೂ ನಂಬಿದ್ದೆ. ನಂಬಿಕೆಗೆ ಕಾರಣವೂ ಇತ್ತು: ಅಲ್ಲಿಯವರೆಗೆ ನಾನು ಯಾರಿಗೂ ಹೂವು ಕಳಿಸಿರಲಿಲ್ಲ. ಈಗ ಕಳಿಸಿದ್ದೇನೆ. ಅದೂ ಎಲ್ಲಿಗೆ? ಗದಗಿಗೆ ಅಂಟಿಕೊಂಡ ನಮ್ಮ ಬೆಟಗೇರಿಯಿಂದ ಮುಂಡರಗಿಗೆ. ಬಸ್ಸಿನಲ್ಲಿ ಕೂತು ಒಂದು ತೂಕಡಿಕೆ ಮುಗಿಸುವುದರೊಳಗೆ ಬರುವ ಊರಿಗೆ. ಆ ಖಟಪಟಿ ಮುಗಿದ ಮೇಲೆ, ಮನುಷ್ಯ ಚಂದ್ರನ ಮೇಲೆ ಇಳಿದದ್ದು ಅಂಥ ದೊಡ್ಡ ಮಾತೇನಲ್ಲ ಅನ್ನಿಸಿದೆ. ಹೋದವರು ತಾಜಾ ಹೂವು ಒಯ್ದಿರಲಿಲ್ಲವಲ್ಲ.

ಮುಂಡರಗಿಯಲ್ಲಿ ನನ್ನ ಅಕ್ಕ ಶಾಂತಕ್ಕ ಇದ್ದಾಳೆ. ಅಲ್ಲಿನ ಶಾಲೆಯೊಂದರಲ್ಲಿ ಎರಡು ತಲೆಮಾರಿಗೆ ಮಗ್ಗಿ ಕಲಿಸಿ ಈ ಮೇ ಕೊನೆಗೆ ನಿವೃತ್ತಳಾದಳು. ನಮ್ಮ ಕಡೆ ಒಂದು ವಯಸ್ಸಿನ ಮೇಲಿನ ಅರ್ಧ ಜನ ಹುಟ್ಟಿದ್ದೇ ಜೂನ್ ಒಂದರಂದು. ಆಗಿನ ಮಾಸ್ತರರು ಮಗುವಿನ ಕೈ ತಲೆಯ ಮೇಲಿಂದ ಆಚೆಯ ಕಿವಿಗೆ ಮುಟ್ಟುತ್ತದೋ ಎಂದು ನೋಡುತ್ತಿದ್ದರು. ಮುಟ್ಟಿದರೆ ಜೂನ್ ಒಂದು ಎಂದು ಬರೆದು ಹೆಸರು ಹಚ್ಚಿಕೊಳ್ಳುತ್ತಿದ್ದರು. ಹೀಗಾಗಿ ಮೇ ಮೂವತ್ತೊಂದು ಬಂತೆಂದರೆ ಶಾಲೆ ಕಚೇರಿಗಳಲ್ಲಿ ಶಾಲು, ಹಾರಗಳ ಸುಗ್ಗಿ. ಅಕ್ಕನ ಸಮಾರಂಭಕ್ಕೆ ನಾನು ಹೋಗಲೇಬೇಕಿತ್ತು. ಆದರೆ ಅದರ ಹಿಂದಿನ ವಾರವೇ ಬಚ್ಚಲಲ್ಲಿ ಜಾರಿ ಬಿದ್ದು, ಬಲಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ಮಂಚದ ಮೇಲೆ ಸರದಾರನಂತೆ ಒರಗಿದ್ದೆ.

ಸಂಜೆ ಫೋನ್ ಮಾಡಿ ಕೇಳಿದೆ, ಕಾರ್ಯಕ್ರಮ ಹೇಗಾಯಿತು ಅಂತ.

"ಚಲೋ ಆತು," ಅಂದಳು ಅಕ್ಕ. "ಭಾಷಣ ಭಾಳ ಆದ್ವು. ಶಾಲು ಹೊಚ್ಚಿದ್ರು, ಹಣ್ಣು ಕೊಟ್ರು. ಆಮ್ಯಾಲ ಹೆಣ್ಮಕ್ಕಳಿಗೆ ಮಲ್ಲಿಗಿ ಹೂ ಕೊಡಾಕ ತಾಟು ತಿರಗಿಸಿದ್ರು. ನನ್ನ ಮುಂದ ಬಂದು ಒಂದೀಟು ನಿಂತು, ಹಂಗ ಮುಂದ ಹೋತು. ಆ ಹುಡುಗಿದೇನೂ ತಪ್ಪಿಲ್ಲ ಬಿಡು, ಹೊಸಾದಾಕಿ, ಏನ್ ಮಾಡಬೇಕು ತಿಳೀಲಿಲ್ಲ ಆಕಿಗೆ. ನಿನ್ನ ಕಾಲು ಹ್ಯಾಂಗೈತಿ?"

ಭಾವ ತೀರಿಕೊಂಡು ಎರಡು ವರ್ಷವಾಯಿತು. ಅದಕ್ಕೆ ಮೊದಲು ನಮ್ಮಕ್ಕ ತಲೆಯಲ್ಲಿ ಹೂವಿಲ್ಲದೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ತಾಟಿನ ಮಾತಿನಿಂದ ನನ್ನ ಕಾಲಿಗೆ ಅವಳು ಹಾರಿದ ಅವಸರದಲ್ಲೇ ಅದು ಅವಳಿಗೆ ಎಷ್ಟು ನಾಟಿದೆ ಎಂದು ತಿಳಿಯಿತು. ನನಗೆ ಕೆಟ್ಟ ಸಿಟ್ಟು ಬಂತು. ಆ ಹುಡುಗಿಯ ಮೇಲೆ, ಭಾಷಣ ಮಾಡಿದವರ ಮೇಲೆ, ನಮ್ಮ ಬಚ್ಚಲಿನ ಮೇಲೆ. ಎದ್ದು ಹೋಗಿ ಜಗಳ ಕಾಯಲು ಕಾಲಿರಲಿಲ್ಲ. ಹಾಗಾಗಿ ಅಕ್ಕನಿಗೆ ಹೂವು ಕಳಿಸುವುದೆಂದು ಗಟ್ಟಿ ಮಾಡಿದೆ.

ಮೊದಲು ಮೊಬೈಲಿನಲ್ಲಿ ಹುಡುಕಿದೆ. ದೇಶದ ಮೂಲೆಮೂಲೆಗೂ ಹೂವು ಮುಟ್ಟಿಸುತ್ತೇವೆಂದು ಒಂದು ಅಂಗಡಿ ಹೇಳಿಕೊಂಡಿತ್ತು. ಮುಂಡರಗಿಯ ಪಿನ್‌ಕೋಡ್ ಹಾಕಿದರೆ, ಕ್ಷಮಿಸಿ, ಅಲ್ಲಿಗೆ ನಮ್ಮ ಸೇವೆ ಇಲ್ಲ. ಹಟಕ್ಕೆ ಬಿದ್ದು ಲಕ್ಷ್ಮೇಶ್ವರ ಹಾಕಿದೆ, ಶಿರಹಟ್ಟಿ ಹಾಕಿದೆ. ಅಲ್ಲಿಗೂ ಇಲ್ಲ. ಆ ಕಡೆಯ ಹೊಲಗಳಿಂದಲೇ ಸೇವಂತಿಗೆ, ಚೆಂಡು ಹೂವು ಬುಟ್ಟಿಗಟ್ಟಲೆ ಗದಗಿನ ಪೇಟೆಗೆ ಬರುತ್ತವೆ. ಹೂವು ಅಲ್ಲಿಂದ ಬರಬಹುದು, ಅಲ್ಲಿಗೆ ಹೋಗುವಂತಿಲ್ಲ. ಹೆಣ್ಣು ಕೊಟ್ಟ ಮನೆಯ ನೀರು ಕುಡಿಯದ ಹಿಂದಿನವರ ನೇಮದಂತೆ ಒಂದೇ ಕಡೆಯ ವ್ಯವಹಾರ. ಇನ್ನೊಂದು ಅಂಗಡಿಯವರು ತಾವೇ ಫೋನ್ ಮಾಡಿದರು. ಬೆಂಗಳೂರಿನ ನಯವಾದ ದನಿಯ ಹುಡುಗಿ. "ಸರ್, ಫ್ರೆಶ್ ಫ್ಲವರ್ಸ್ ಆಗಲ್ಲ, ಬೇಕಾದ್ರೆ ಟೆಡ್ಡಿ ಕಳಿಸ್ಬಹುದು," ಎಂದಳು. ಅರವತ್ತು ತುಂಬಿದ ಶಾಲೆಯ ಅಕ್ಕೋರ ಕೈಗೆ ನಿವೃತ್ತಿಯ ಮರುದಿನ ಒಂದು ಗುಲಾಬಿ ಬಣ್ಣದ ಕರಡಿ ಹೋಗಿ ಕೂತರೆ ಓಣಿಯವರು ಏನೆಂದಾರು? ಬೇಡ ತಾಯಿ ಎಂದು ಫೋನ್ ಇಟ್ಟೆ.

ಇಲ್ಲಿ ಭಾಷೆಯದೂ ಒಂದು ತೊಡಕಿದೆ. ಪುಷ್ಪಗುಚ್ಛ ಎಂಬ ಮಾತು ಪತ್ರಿಕೆಯಲ್ಲಿ ಮಾತ್ರ ಅರಳುತ್ತದೆ. ಅಂಗಡಿಗೆ ಹೋಗಿ ಪುಷ್ಪಗುಚ್ಛ ಕೊಡಿ ಎಂದವನನ್ನು ನಾನು ಕಂಡಿಲ್ಲ. ಎಲ್ಲರೂ ಅನ್ನುವುದು ಬೊಕೆ. ಅದು ನಮ್ಮ ಗದಗಿನ ಬಾಯಲ್ಲಿ ನಾಲ್ಕು ದಿನ ಇದ್ದು ಬೊಕ್ಕಿ ಆಗಿದೆ. ಬೊಕ್ಕೆ ಎಂದರೆ ಅಪ್ಪಟ ಕನ್ನಡದಲ್ಲಿ ಮೈಮೇಲೆ ಏಳುವ ಗುಳ್ಳೆ. ಶಾಂತಕ್ಕನಿಗೆ ಬೊಕ್ಕಿ ಕಳಿಸುತ್ತೇನೆಂದು ನಾನು ಘೋಷಿಸಿದಾಗ ನನ್ನ ಹೆಂಡತಿ, "ಪಾಪ, ಆಕಿ ನಿಮಗೇನು ಮಾಡ್ಯಾಳ್ರಿ?" ಎಂದು ಕೇಳಿದಳು.

ಕಡೆಗೆ ಗದಗಿನ ಪೇಟೆಯಲ್ಲಿ ಹೂವಿನ ಅಂಗಡಿ ಇಟ್ಟಿರುವ ಬಸಣ್ಣನಿಗೆ ಫೋನ್ ಹಚ್ಚಿದೆ. ಹೈಸ್ಕೂಲಿನಲ್ಲಿ ನನ್ನ ಕೈಯಲ್ಲಿ ಕಲಿತವನು, ಅಂದರೆ ನನ್ನ ಮಾತು ಕೇಳಬೇಕಾಗಿಲ್ಲ ಎಂಬುದನ್ನು ಬೇಗ ಕಲಿತವನು.

"ಹೂ ಬೇಕಿತ್ತು ಬಸಣ್ಣ, ಮುಂಡರಗಿಗೆ ಕಳಸಬೇಕು."

"ಆತ್ರಿ ಸರ. ದೇವರಿಗೋ, ತಲಿಗೋ, ಮಣ್ಣಿಗೋ?"

ಮಣ್ಣಿಗೆ ಎಂದರೆ ನಮ್ಮಲ್ಲಿ ಅಂತ್ಯಕ್ರಿಯೆಗೆ. ಮೂರೂ ಅಲ್ಲ ಎಂದೆ.

"ಮತ್ತ ಯಾದಕ್ಕರಿ?"

"ನೋಡಾಕ."

ಕಾಲು ಮುರಿದುಕೊಂಡ ಮಾಸ್ತರರಿಗೆ ತಲೆಗೂ ಪೆಟ್ಟಾಗಿರಬಹುದೆಂಬ ಗುಮಾನಿ ಬಸಣ್ಣನ ದನಿಯಲ್ಲಿ ನನಗೆ ಕೇಳಿಸಿತು. "ಬರೇ ನೋಡಾಕ ಯಾರ್ ಹೂ ತಗೋತಾರ್ರಿ ಸರ," ಎಂದ. ಬೊಕ್ಕಿ ಎಂದು ಬಿಡಿಸಿ ಹೇಳಿದೆ. "ಹಂಗನ್ರಿ ಮತ್ತ. ಮುಂಡರಗಿಗೆ ಯಾವ ಮಂತ್ರಿ ಬರಾಕತ್ಯಾರ?" ಎಂದ. ಅವನದು ತಪ್ಪಲ್ಲ. ಅವನು ಕಂಡ ಬೊಕ್ಕಿಗಳೆಲ್ಲ ಮಂತ್ರಿಯ ಕೈಯಲ್ಲಿ ಫೋಟೋ ಆಗುವವರೆಗೆ ಇದ್ದು, ಆಮೇಲೆ ಗನ್‌ಮ್ಯಾನ್ ಕೈ ಸೇರಿ, ಜೀಪಿನ ಹಿಂದಿನ ಸೀಟಿನಲ್ಲಿ ಸತ್ತಂಥವು.

ಫೋನಿಟ್ಟ ಮೇಲೂ ಅವನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಮ್ಮಲ್ಲಿ ಹೂವಿಗೆ ನೌಕರಿ ಬೇಕು. ದೇವರ ತಲೆಯೋ, ಹೆಣ್ಣಿನ ತಲೆಯೋ, ಹೆಣದ ಎದೆಯೋ, ಎಲ್ಲಾದರೂ ಒಂದು ಕಡೆ ಹಾಜರಿ ಹಾಕಬೇಕು. ಮೇಜಿನ ಮೇಲೆ ಸುಮ್ಮನೆ ಚಂದ ಕಾಣುತ್ತ ಕೂತ ಹೂವು ನಮ್ಮ ಕಣ್ಣಿಗೆ ಉಂಡಾಡಿ. ಅಷ್ಟು ತಿಳಿದೂ ನಾನು ಬೊಕ್ಕಿಯನ್ನೇ ಯಾಕೆ ಹಿಡಿದು ಕೂತೆ? ಒಂದು ಮಾರು ಮಲ್ಲಿಗೆ ಕಟ್ಟಿಕೊಡು ಎಂದಿದ್ದರೆ ಬಸಣ್ಣ ತುಟಿ ಎರಡು ಮಾಡದೆ ಕೊಡುತ್ತಿದ್ದ. ನಿಜ ಹೇಳಬೇಕೆಂದರೆ, ಕಟ್ಟಿದ ಮಲ್ಲಿಗೆ ಕಂಡು ಅಕ್ಕ ಏನೆಂದುಕೊಂಡಾಳೋ ಎಂದು ನಾನೇ ಅಂಜಿದ್ದೆ. ಮುಡಿ ಎನ್ನುವ ಧೈರ್ಯವಿಲ್ಲ, ಮುಡಿಯಬೇಡ ಎನ್ನುವ ಮನಸ್ಸಿಲ್ಲ, ಆದ್ದರಿಂದ ನೋಡು ಎಂದೆ. ತಾಟು ಹಿಡಿದು ನಿಂತ ಆ ಹುಡುಗಿಗಿಂತ ನಾನೇನೂ ದೊಡ್ಡ ಶೂರನಾಗಿರಲಿಲ್ಲ.

ಮರುದಿನ ಬಸಣ್ಣ ಕೆಂಪು ಗುಲಾಬಿ, ಹಳದಿ ಸೇವಂತಿಗೆ, ಯಾವುದೋ ಮದುವೆಯ ಕಾರಿನಿಂದ ಉಳಿದ ಥಳಥಳಿಸುವ ರಿಬ್ಬನ್ ಎಲ್ಲ ಸೇರಿಸಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಕಳಿಸಿದ. ಅದನ್ನು ಬಸ್‌ಸ್ಟ್ಯಾಂಡಿಗೆ ಒಯ್ಯುವ ಕೆಲಸ ಹೆಂಡತಿಯ ಪಾಲಿಗೆ ಬಂತು. "ಊರಿಗೊಂದು ದಾರಿ ಆದ್ರ ಇವರಿಗೊಂದು ದಾರಿ," ಎಂದು ಬಾಗಿಲಿಗೆ ಕೇಳಿಸುವಂತೆ ಹೇಳಿ ಹೊರಟಳು. ಮುಂಡರಗಿ ಬಸ್ಸಿನ ಕಂಡಕ್ಟರ್ ಬೊಕ್ಕಿಯನ್ನು ಮೇಲೆ ಕೆಳಗೆ ನೋಡಿ, "ಅವ್ವಾರ, ಇದು ಲಗೇಜೋ, ಪ್ಯಾಸೆಂಜರೋ?" ಎಂದು ಕೇಳಿದನಂತೆ. ಮೇಲೆ ಇಟ್ಟರೆ ಬಾಡುತ್ತದೆ, ಕೆಳಗೆ ಇಟ್ಟರೆ ತುಳಿಯುತ್ತಾರೆ ಎಂದು ಲೆಕ್ಕ ಹಾಕಿ ಡ್ರೈವರನ ಪಕ್ಕ ಇಟ್ಟ. ಅದೇ ಎಡವಟ್ಟಾಯಿತು. ಗಾಡಿ ಬಿಡುವ ಮುಂಚೆ ಡ್ರೈವರ್ ಪಕ್ಕದಲ್ಲಿ ಹೂವು ಕಂಡು, ಯಾರೋ ಪುಣ್ಯಾತ್ಮರು ಬಸ್ಸಿನ ದೇವರಿಗೆಂದೇ ಇಟ್ಟಿದ್ದಾರೆಂದು ಭಕ್ತಿಯಿಂದ ನಡುವಿನ ದೊಡ್ಡ ಗುಲಾಬಿಯನ್ನೇ ಕಿತ್ತು ಗಾಜಿನ ಮುಂದಿನ ಫೋಟೋಕ್ಕೆ ಏರಿಸಿದ. ಮುಂಡರಗಿಯಲ್ಲಿ ಅಕ್ಕ ಇಸಿದುಕೊಳ್ಳಲು ಬಂದಾಗ ಅವನೇ ಇದನ್ನು ಸಂಭ್ರಮದಿಂದ ಹೇಳಿದನಂತೆ. ತನ್ನ ಪಾಲಿನ ಪುಣ್ಯದಲ್ಲಿ ಅವಳಿಗೂ ಸ್ವಲ್ಪ ಇರಲಿ ಎಂದು.

ಸಂಜೆ ಅಕ್ಕನ ಫೋನ್ ಬಂತು. ಹೂವು ಹೇಗಿದೆ ಎಂದು ಕೇಳಲು ನಾನು ಬಾಯಿ ತೆರೆಯುವುದರೊಳಗೆ ಶುರು ಮಾಡಿದಳು.

"ತಮ್ಮಾ, ಬುದ್ಧಿ ಐತಿ ಇಲ್ಲೋ ನಿನಗ? ಬಸ್‌ಸ್ಟ್ಯಾಂಡಿನಿಂದ ಅದನ್ನ ಹಿಡಕೊಂಡು ಮನಿ ಮುಟ್ಟೂದ್ರಾಗ ಸಾಕಾತು. ದಾರಿಗುಂಟ ಎಲ್ಲಾರೂ, 'ಯಾರು ಹೋದ್ರಿ ಅಕ್ಕೋರ' ಅಂತ ಕೇಳಾವ್ರು. ಇಬ್ರು ಮುದುಕ್ರು ಟೊಪಗಿ ತಗದು ಎದ್ದು ನಿಂತ್ರು."

"ಹೂವರ ಹ್ಯಾಂಗದಾವ?"

"ಎಲ್ಲಿ ಹೂ? ಎರಡು ದೇವರಿಗೆ ಏರಿಸಿದೆ. ನಿಮ್ಮ ಭಾವನ ಫೋಟೋಕ್ಕ ನಾಕು ಇಟ್ಟೆ. ಉಳದಿದ್ದು ಓಣಿ ಹೆಣ್ಮಕ್ಕಳಿಗೆ ಕೊಟ್ಟೆ, ಬಾಜೂ ಮನಿ ಗಿರಿಜವ್ವಗ ಎರಡು. ಪ್ಲಾಸ್ಟಿಕ್ ಹಾಳಿ ತೊಳದು ಒಣಗಿಸೀನಿ, ರೊಟ್ಟಿ ಸುತ್ತಾಕ ಬರತೈತಿ."

ನನ್ನ ಪಿತ್ತ ನೆತ್ತಿಗೇರಿತು. ದೇವರಿಗೆ, ತಲೆಗೆ, ಸತ್ತವರಿಗೆ. ಬಸಣ್ಣ ಕೇಳಿದ ಮೂರೂ ಕಡೆಗೆ ಸರಿಯಾಗಿ ಹಂಚಿದ್ದಳು. ಇಷ್ಟಕ್ಕಾಗಿ ನಾನು ಹುಚ್ಚನೆನಿಸಿಕೊಂಡೆನೆ? "ಒಂದನ್ನರ ನಿನಗಂತ ಇಟಗೋಬಾರದ?" ಎಂದೆ.

"ಒಂದು ಉಳದೈತಿ."

"ಎಲ್ಲೈತಿ?"

ಅಕ್ಕ, ಮಕ್ಕಳು ಮಾಸ್ತರರ ಮುಂದೆ ತಪ್ಪು ಒಪ್ಪಿಕೊಳ್ಳುವ ದನಿಯಲ್ಲಿ, "ತಲ್ಯಾಗ ಐತಿ," ಎಂದಳು. "ಬಾಗಲಾ ಹಾಕೀನಿ. ಸುಮ್ನ ಹ್ಯಾಂಗ ಕಾಣತೈತಿ ಅಂತ ಇಟಗೊಂಡೆ. ತಗೀತೀನಿ ಈಗ."

ತೆಗೆಯಬೇಡ ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಆ ಕಡೆ ಬಾಗಿಲು ಬಡಿದ ಸದ್ದು, "ಅಕ್ಕೋರ" ಎಂಬ ಕೂಗು. ಗಿರಿಜವ್ವನ ದನಿ ನನಗೆ ಗೊತ್ತು. ಬಾಣಂತಿಯ ಕೋಣೆಯ ದೀಪದಿಂದ ತಿಥಿಯ ಎಡೆಯವರೆಗೆ ಓಣಿಯಲ್ಲಿ ಯಾವ ಶಾಸ್ತ್ರವೂ ತಪ್ಪದಂತೆ ನೋಡಿಕೊಳ್ಳುವ ಹೆಂಗಸು. ಅಕ್ಕ ಗಾಬರಿಯಲ್ಲಿ ಫೋನನ್ನು ಕಟ್ ಮಾಡದೆ ಎಲ್ಲೋ ಇಟ್ಟು ಹೋದಳು. ಚಿಲಕ ತೆಗೆದದ್ದು ಕೇಳಿಸಿತು. ತೆಗೆದದ್ದು ಚಿಲಕವೊಂದನ್ನೇ, ಹೂವನ್ನಲ್ಲ ಎಂದು ನನಗೆ ತಿಳಿದದ್ದು ಆಮೇಲೆ ಬಿದ್ದ ಮೌನದಿಂದ.

ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಕೂತೆ.

"ಜಾರಾಕತ್ತೇತ್ರಿ ಅಕ್ಕೋರ ಅದು, ದಂಟು ದಪ್ಪ ಐತಿ," ಎಂದಳು ಗಿರಿಜವ್ವ. "ನಿಂದರ್ರಿ, ನನ್ನ ತಲ್ಯಾನ ಪಿನ್ನ ಹಾಕ್ತೀನಿ. ಹಿಂಗ ಬೆಳಕಿಗೆ ತಿರಗ್ರಿ."

ನಾನು ಫೋನ್ ಇಟ್ಟೆ. ಹೂವಿಗಾಗಿ ಎರಡು ದಿನ ಇಡೀ ಜಿಲ್ಲೆಯನ್ನು ಬೈದುಕೊಂಡ ನನಗೆ, ಜೊತೆಗೆ ಒಂದು ಪಿನ್ನೂ ಬೇಕಾಗುತ್ತದೆ ಎಂದು ಹೊಳೆದೇ ಇರಲಿಲ್ಲ.